ಸೆಕೆಂಡ್ ಗೇರಿನಲ್ಲಿ ದಾಮನ್ ಇಳಿದದ್ದು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನೇಪಾಳದ ಗಡಿಯಲ್ಲಿ ಕಾರಿನ ಕಾಗದ ಸರಿಯಿಲ್ಲವೆಂದು ವಾಪಸು ಕಳಿಸಬಹುದಿತ್ತು. ಜೊತೆಗಿದ್ದ ಭಾವನ ರಕ್ತದ ಸಕ್ಕರೆ ಏರಬಹುದಿತ್ತು, ಇಲ್ಲವೇ ಇಳಿಯಬಹುದಿತ್ತು. ಇನ್ಸುಲಿನ್ ಇಟ್ಟ ಐಸ್ ಡಬ್ಬಿ ಬಿಹಾರದ ಬಿಸಿಲಿಗೆ ಬರೀ ನೀರಾಗಬಹುದಿತ್ತು. ಗುಡ್ಡ ಕುಸಿಯಬಹುದಿತ್ತು. ಕುಸಿಯದಿದ್ದರೆ ಮಂಜು ಕವಿಯಬಹುದಿತ್ತು. ಎದುರಿನ ಲಾರಿಗೆ ದಾರಿ ಕೊಡಲು ಹೋಗಿ ನಮ್ಮ ಎಡಗಡೆಯ ಗಾಲಿ ಗಾಳಿಯಲ್ಲಿ ನಿಲ್ಲಬಹುದಿತ್ತು. ಬ್ರೇಕು ಕಾದು ಹಿಡಿಯದೆ ಹೋಗಬಹುದಿತ್ತು. ಕ್ಲಚ್ ಪ್ಲೇಟ್ ಸುಡಬಹುದಿತ್ತು. ಸುಟ್ಟ ಮೇಲೆ ಅದಕ್ಕೆ ನೇಪಾಳಿಯಲ್ಲಿ ಏನನ್ನುತ್ತಾರೆಂದು ತಿಳಿಯದೆ ನಾನು ರಸ್ತೆ ಬದಿಯಲ್ಲಿ ಕೂತು ಅಳಬಹುದಿತ್ತು. (ಅಲ್ಲೂ ಕ್ಲಚ್ ಪ್ಲೇಟ್ ಅಂತಲೇ ಅನ್ನುತ್ತಾರೆ. ಇದು ಆಮೇಲೆ ಗೊತ್ತಾಯಿತು.)

ಇವನ್ನೆಲ್ಲ ಅಂಗಡಿಯ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟುಕೊಂಡಿದ್ದೆ. ಹೆಂಡತಿ ಪೂರ್ತಿ ಓದಿ, "ಇದರಾಗ ಹಾವು ಬಿಟ್ಟೀರಲ್ರಿ" ಅಂದಳು. ಹಾವನ್ನೂ ಸೇರಿಸಿದೆ.

ಹರಿಹರ

ದಾವಣಗೆರೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಕಾರು ಓಡಿಸಲು ಶುರುಮಾಡಿ ಹನ್ನೆರಡು ವರ್ಷವಾದರೂ ನನ್ನ ದೊಡ್ಡ ಪ್ರಯಾಣವೆಂದರೆ ಹರಿಹರದ ಅಕ್ಕನ ಮನೆಗೆ ಹೋಗಿ ಬರುವುದು. ಹದಿನಾಲ್ಕು ಕಿಲೋಮೀಟರು, ಅಂಗೈಯಂಥ ಸಪಾಟು ರಸ್ತೆ. ನಾಲ್ಕನೇ ಗೇರಿಗೆ ಹಾಕಿ ಕೂತರೆ ಅಕ್ಕನ ಮನೆಯ ಮೆಟ್ಟಿಲೇ ಬರುತ್ತದೆ. ಮಧ್ಯೆ ಎಲ್ಲಾದರೂ ಒಂದು ಸೇತುವೆಯೋ ಫ್ಲೈಓವರೋ ಇಳಿಯುವುದಿದ್ದರೆ ನನಗೊಂದು ಗುಟ್ಟಿನ ಚಟವಿತ್ತು: ಗೇರು ತೆಗೆದು ನ್ಯೂಟ್ರಲ್ ಮಾಡಿ, ಗಾಡಿಯನ್ನು ಅದರ ಪಾಡಿಗೆ ಜಾರಲು ಬಿಡುವುದು. ಪೆಟ್ರೋಲು ಉಳಿಯುತ್ತದೆಂಬ ನಂಬಿಕೆ.

ನನಗೆ ಡ್ರೈವಿಂಗ್ ಕಲಿಸಿದವರು ಅಕ್ಕನ ಗಂಡ, ಚನ್ನಬಸಪ್ಪ ಭಾವ. ಅರ್ಧ ಆಯುಷ್ಯ ಲಾರಿಯ ಮೇಲೆ ಕಳೆದವರು. ಈಗ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಬಂದು ಕೂತಿದೆ. ಮನುಷ್ಯರು ನೆರಳಿನಂತೆ ಕಾಣುತ್ತಾರೆ; ಅದೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಅವರ ಜೊತೆ ಲಾರಿಯಲ್ಲಿ ಎರಡನೇ ಡ್ರೈವರಾಗಿ ಇದ್ದವರು ಹರಿಹರದ ಹತ್ತಿರದ ಸಾರಥಿ ಎಂಬ ಊರಿನ ಹಾಲಪ್ಪ. ಮೂವತ್ತು ವರ್ಷದ ಮೇಲಾಯಿತು, ಇಬ್ಬರೂ ಯಂತ್ರದ ಬಿಡಿಭಾಗ ಹೇರಿಕೊಂಡು ಕಠ್ಮಂಡುವಿಗೆ ಹೋಗಿದ್ದರು. ಬರುವಾಗ ದೊಡ್ಡ ರಸ್ತೆಯಲ್ಲಿ ಗುಡ್ಡ ಕುಸಿದಿತ್ತೆಂದು ದಾಮನ್ ಎಂಬ ಬೆಟ್ಟದೂರಿನ ಮೇಲೆ ಹಾಯುವ ಹಳೇ ರಸ್ತೆ ಹಿಡಿದರು. ಇಳಿಜಾರಿನಲ್ಲಿ ಲಾರಿ ಗುಡ್ಡಕ್ಕೆ ಬಡಿಯಿತು. ಓಡಿಸುತ್ತಿದ್ದ ಹಾಲಪ್ಪ ಅಲ್ಲೇ ಹೋದರು. ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಭಾವ ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆ ಸೇರಿದರು. ಎಚ್ಚರವಾಗಿ ಕೇಳುವಷ್ಟರಲ್ಲಿ ಅಲ್ಲಿಯ ಜನ ತಮ್ಮ ಪದ್ಧತಿಯಂತೆ ಹಾಲಪ್ಪನವರನ್ನು ಹೊಳೆದಂಡೆಯಲ್ಲಿ ಸುಟ್ಟಿದ್ದರು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ಹಾಲಪ್ಪನವರ ಹೆಂಡತಿ ಗೌರಮ್ಮನ ಹೊಲದಲ್ಲಿ ಅತ್ತೆ ಮಾವನ ಗದ್ದುಗೆಗಳ ಪಕ್ಕ ಒಂದಾಳುದ್ದದ ಜಾಗ ಇಷ್ಟು ವರ್ಷವೂ ಖಾಲಿ ಇತ್ತು. ಭಾವನ ಕಣ್ಣಿನ ಸುದ್ದಿ ಕೇಳಿ ಆಕೆ ಹರಿಹರಕ್ಕೆ ಬಂದು ಹೇಳಿದ್ದು ಒಂದೇ ಮಾತು: "ಅಣ್ಣಾ, ಅವರು ಜೀವ ಬಿಟ್ಟ ಜಾಗ ಗುರ್ತಿರೋದು ನಿಮಗೊಬ್ರಿಗೆ. ಕಣ್ಣು ಇರೋದ್ರೊಳಗೆ ಅಲ್ಲಿಂದ ಒಂದು ಹಿಡಿ ಮಣ್ಣು ತಂದುಕೊಡ್ರಿ."

ಹಾಗೆ ಹೊರಟೆವು. ನೆಂಟರಿಗೆಲ್ಲ ಪಶುಪತಿನಾಥನ ದರ್ಶನ ಎಂದು ಹೇಳಿದ್ದೆವು. ಅಕ್ಕ ಒಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಚಟ್ನಿಪುಡಿ ತುಂಬಿಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಅವರು ಗಾಡ್ಯಾಗ ನಿದ್ದಿ ಮಾಡಲ್ಲ. ಮಾಡ್ರಿ ಅಂತ ಕಾಟ ಕೊಡಬ್ಯಾಡ."

ಅದು ನನಗೂ ಗೊತ್ತಿತ್ತು. ಆ ಅಪಘಾತದ ನಂತರ ಬೇರೆಯವರು ಓಡಿಸುವ ಯಾವ ವಾಹನದಲ್ಲೂ ಭಾವ ಕಣ್ಣು ಮುಚ್ಚಿದ್ದಿಲ್ಲ.

ಬೀರ್‌ಗಂಜ್

ಗಡಿ ಮುಟ್ಟಲು ನಾಲ್ಕು ದಿನ ಹಿಡಿಯಿತು. ಭಾವ ಒಂದು ಕೈಯನ್ನು ಮುಂದಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ದೇವರ ಮುಂದೆ ಕೂತವರಂತೆ ನೆಟ್ಟಗೆ ಕೂತಿದ್ದರು. ನಾಲ್ಕೂ ದಿನ.

ಗಡಿ ದಾಟಿ ನೇಪಾಳದ ಬೀರ್‌ಗಂಜ್ ಹೊಕ್ಕ ಕೂಡಲೇ ಗಡಿಯಾರ ಹದಿನೈದು ನಿಮಿಷ ಮುಂದೆ ಹೋಗುತ್ತದೆ. ಹದಿನೈದು ನಿಮಿಷಕ್ಕೋಸ್ಕರ ಒಂದು ದೇಶ ಹಟ ಹಿಡಿದಿರುವುದು ನನಗೆ ಬಹಳ ಇಷ್ಟವಾಯಿತು. ವರ್ಷದ ಲೆಕ್ಕ ಮಾತ್ರ ಗಾಬರಿ ಹುಟ್ಟಿಸಿತು. ಅವರ ಪಂಚಾಂಗ ನಮಗಿಂತ ಐವತ್ತಾರು ಐವತ್ತೇಳು ವರ್ಷ ಮುಂದಿದೆ. ಕಾರಿನ ಪರವಾನಗಿಯ ಮೇಲೆ ಬರೆದ ತಾರೀಖು ನೋಡಿ, ಅಷ್ಟು ಹೊತ್ತಿಗೆ ನಾನು ಬದುಕಿರುವುದಿಲ್ಲವಲ್ಲ ಎಂದು ಗುಮಾಸ್ತರನ್ನು ಕೇಳಿಯೇಬಿಟ್ಟೆ. ಅವರು ತಲೆಯೆತ್ತದೆ ಹಿಂದಿಯಲ್ಲಿ, ಐದು ದಿನದೊಳಗೆ ವಾಪಸು ಬಂದರೆ ಸಾಕು ಎಂದರು.

ಹೆಟೌಡಾ

ಬೀರ್‌ಗಂಜಿನಿಂದ ಹೆಟೌಡಾಕ್ಕೆ ಹೋಗುವಾಗ ಒಂದು ಗಿಡ್ಡ ಗುಡ್ಡಸಾಲು ಅಡ್ಡ ಬರುತ್ತದೆ. ದೊಡ್ಡ ಬೆಟ್ಟ ಅದರಾಚೆಗೆ. ಗಿಡ್ಡ ಗುಡ್ಡವನ್ನು ಹತ್ತಿ ಇಳಿಯತೊಡಗಿದ್ದೆ. ನನ್ನ ಎಡಗೈ, ನನ್ನನ್ನು ಕೇಳದೆ, ಹನ್ನೆರಡು ವರ್ಷದ ರೂಢಿಯಂತೆ ಗೇರು ತೆಗೆಯಿತು. ಗಾಡಿ ಹಗುರಾಗಿ ಜಾರಿತು.

"ಏನ್ ಮಾಡ್ದೆ?" ಅಂದರು ಭಾವ.

"ಏನಿಲ್ರೀ ಭಾವ."

"ಇಂಜಿನ್ ಸಪ್ಪಳ ಸತ್ತೈತಲ್ಲ. ಗೇರ್ ತೆಗ್ದೆ?"

"ಇಳಿಜಾರು ಐತಲ್ಲ ಅಂತ…"

"ಗಾಡಿ ನಿಲ್ಸು."

ನಿಲ್ಲಿಸಿದೆ. ಅವರ ಮುಖ ಬಿಳಚಿಕೊಂಡಿತ್ತು. ಸಕ್ಕರೆ ಇಳಿಯಿತೆಂದು ನಾನು ಚಾಕಲೇಟು ಹುಡುಕತೊಡಗಿದೆ. "ಅದನ್ನ ಇಡು ಅತ್ಲಾಗೆ" ಎಂದರು.

"ಎಷ್ಟ್ ವರ್ಷದಿಂದ ಹಿಂಗ್ ಮಾಡ್ತೀಯ?"

"ಮೊದ್ಲಿಂದ."

"ನಾನ್ ಕಲ್ಸಿದ್ದಾ ಇದು?"

"ಇಲ್ರೀ. ನಾನೇ ಕಲ್ತಿದ್ದು. ಪೆಟ್ರೋಲ್ ಉಳೀತೈತೆ ಅಂತ."

"ಈಗಿನ ಗಾಡಿ ಗೇರ್‌ನಾಗ ಇಳಿದ್ರೆ ಎಣ್ಣೆನೇ ಕುಡಿಯಲ್ಲ. ನ್ಯೂಟ್ರಲ್‌ನಾಗ ಬಿಟ್ರೆ ಕುಡೀತೈತೆ. ಹನ್ನೆರಡು ವರ್ಷ ಏನ್ ಉಳಿಸ್ದೆಪ್ಪಾ ಸಾಹುಕಾರ?"

ಗೇರು ಹಾಕಿ ಗಾಡಿ ಮುಂದೆ ಬಿಟ್ಟೆ.

ಆ ಮಧ್ಯಾಹ್ನ ಹೆಟೌಡಾದ ಹೊರಗಿನ ಒಂದು ಸಣ್ಣ ಇಳಿಜಾರಿನಲ್ಲಿ ನನಗೆ ಎರಡನೇ ಸಲ ಡ್ರೈವಿಂಗ್ ಪಾಠವಾಯಿತು. ಐವತ್ತು ದಾಟಿದ ಗಂಡಸು ಅದೇ ನೂರು ಗಜ ಹತ್ತುವುದು, ಇಳಿಯುವುದು. ರಸ್ತೆ ಪಕ್ಕ ಕೂತಿದ್ದ ನಾಲ್ಕೈದು ಜನ ಕೆಲಸ ಬಿಟ್ಟು ನೋಡಿದರು. ಹತ್ತಿದಾಗೊಮ್ಮೆ ತಲೆಯಾಡಿಸಿದರು, ಗಾಡಿ ಮುಗ್ಗರಿಸಿದಾಗೊಮ್ಮೆ ಮೆಲ್ಲಗೆ ಆಚೆ ನೋಡಿದರು. ನಮ್ಮ ಕಡೆಯಾಗಿದ್ದರೆ ಇಷ್ಟರಲ್ಲಿ ನಾಲ್ಕು ಜನ ಕಿಟಕಿಯಲ್ಲಿ ತಲೆ ಹಾಕಿ ನಾಲ್ಕು ತರಹ ಕಲಿಸುತ್ತಿದ್ದರು.

"ಇಳಿಜಾರಿಗೆ ಬಿದ್ದ ಮ್ಯಾಲೆ ಗೇರ್ ಹುಡುಕಬ್ಯಾಡ," ಎಂದರು ಭಾವ. "ಬೀಳೋಕೆ ಮೊದ್ಲೇ ಹಾಕ್ಕೊಂಡಿರು. ಮೊದ್ಲು ಬ್ರೇಕ್ ಮುಟ್ಟಿ ವೇಗ ಕಮ್ಮಿ ಮಾಡು. ಆಮ್ಯಾಲೆ ಕ್ಲಚ್ ಒತ್ತು, ಥರ್ಡ್‌ನಿಂದ ಸೆಕೆಂಡ್‌ಗೆ ತಾ. ತಂದ ಕೂಡ್ಲೇ ಕ್ಲಚ್ ಬಿಟ್ರೆ ಮುಗ್ಗರಿಸ್ತೈತೆ. ಬಿಡೋ ಮುಂಚೆ ಒಂದ್ ಚೂರು ರೇಸ್ ಕೊಡು."

"ಎಷ್ಟ್ರೀ ರೇಸು?"

ಭಾವ ಸ್ವಲ್ಪ ಯೋಚಿಸಿದರು. "ಮನಿಗೆ ಬರೋರು ಬಾಗಲಾಗ ನಿಂತು ಕೆಮ್ತಾರಲ್ಲ, ಅಷ್ಟು. ಒಳಗಿರೋರಿಗೆ ಗೊತ್ತಾಗ್ಲಿ ಅಂತ."

ಅವರ ಅಂಗೈ ನನ್ನ ಕೈಯ ಮೇಲೆ, ನನ್ನ ಕೈ ಗೇರಿನ ಮೇಲೆ. ಕ್ಲಚ್ ಒತ್ತಿ, ಗೇರು ಇಳಿಸಿ, ಒಂದು ಕೆಮ್ಮು ರೇಸು ಕೊಟ್ಟು, ಕ್ಲಚ್ ಬಿಟ್ಟೆ. ಗಾಡಿ ಜಗ್ಗಲಿಲ್ಲ, ಎಗರಲಿಲ್ಲ. ಯಾರೋ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟು ಹಿಡಿದುಕೊಂಡಂತೆ ಇಳಿಯಿತು. ಕಾಲು ಬ್ರೇಕಿನ ಮೇಲಿರಲಿಲ್ಲ.

"ಹ್ಞೂಂ. ಈಗ ಇಂಜಿನ್ ಹಿಡ್ಕೊಂಡೈತೆ ನೋಡು," ಎಂದರು ಭಾವ. "ಬ್ರೇಕ್ ಇರೋದು ನಿಲ್ಸಾಕೆ. ಇಳ್ಸಾಕೆ ಇಂಜಿನ್ನೇ ಬೇಕು."

ದಾಮನ್

ಮರುದಿನ ಹತ್ತಿದೆವು. ಆ ರಸ್ತೆಯನ್ನು ವರ್ಣಿಸುವ ಶಕ್ತಿ ನನಗಿಲ್ಲ. ಬಹಳಷ್ಟು ಹೊತ್ತು ನಾನು ನೋಡಿದ್ದು ಬಾನೆಟ್ಟಿನ ಆಚೆಗಿನ ಹತ್ತು ಗಜ ಮಾತ್ರ. ಭಾವ ಕಿಟಕಿ ಇಳಿಸಿ ಕಿವಿಯನ್ನು ಹೊರಗೆ ಕೊಟ್ಟಿದ್ದರು. ಆಗ ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಮ್ಮೆ ಹೋಗಿ ನೋಡಿ ಬಂದಿದ್ದ ಅವರಿಗೆ ನೆನಪಿದ್ದ ಗುರುತು ಮೂರು: ರಸ್ತೆ ಪಕ್ಕ ಕಲ್ಲಿನ ದೋಣಿಯಿಂದ ಸುರಿಯುವ ನೀರು, ಅದಾದ ಮೇಲೆ ಎಡಕ್ಕೆ ಒಂದು ತಿರುವು, ತಿರುವಿನಲ್ಲಿ ಮುಂದೆ ಚಾಚಿದ ಬಂಡೆ. ಹತ್ತುವಾಗ ಇಂಜಿನ್ನಿನ ಅಬ್ಬರದಲ್ಲಿ ಏನೂ ಕೇಳಲಿಲ್ಲ. ಚಹಾದ ಅಂಗಡಿಯಲ್ಲಿ ವಿಚಾರಿಸಿದರೆ, ರಸ್ತೆ ಅಗಲ ಮಾಡುವಾಗ ಎಷ್ಟೋ ಬಂಡೆ ಒಡೆದರು ಎಂದರು. ನನ್ನ ನೋಟ್‌ಬುಕ್ಕಿನಲ್ಲಿ ಜಾಗವೇ ಸಿಗದಿರಬಹುದು ಎಂಬುದೊಂದನ್ನು ಬರೆದಿರಲಿಲ್ಲ.

ದಾಮನ್‌ನಲ್ಲಿ ತಂಗಿದ ಮನೆಯ ಹೆಂಗಸನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ನಾನು ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೂ ಬಿಟ್ಟು, ಇಳಿದು ಮೂರು ಸಲ ನೋಡಿದೆ. ಆಕೆ ಒಳಗಿನಿಂದ ಬಂದು, ಏನೂ ಹೇಳದೆ, ಗೋಡೆಯ ಪಕ್ಕದಿಂದ ಒಂದು ಕಲ್ಲು ತಂದು ಹಿಂದಿನ ಗಾಲಿಗೆ ಒತ್ತಿಟ್ಟು ಒಳಗೆ ಹೋದಳು. ನನ್ನಂಥವರು ಮೊದಲೂ ಬಂದಿರಬೇಕು. ಬೆಳಿಗ್ಗೆ ಹೊರಡುವಾಗ ಅದೇ ಕಲ್ಲನ್ನು ತೆಗೆದು ಮತ್ತೆ ಗೋಡೆಯ ಪಕ್ಕ ಅದರ ಜಾಗದಲ್ಲಿಟ್ಟಳು. ನಮ್ಮ ಹೆದ್ದಾರಿಯಲ್ಲಿ ಗಾಲಿಗಿಟ್ಟ ಕಲ್ಲನ್ನು ನಡು ರಸ್ತೆಯಲ್ಲೇ ಬಿಟ್ಟು ಹೋಗುವವರನ್ನು ನೆನೆಸಿಕೊಂಡೆ.

ಆಗ ಉತ್ತರಕ್ಕೆ ಮೋಡ ಸರಿದು ಹಿಮದ ಬೆಟ್ಟಗಳು ಸಾಲಾಗಿ ನಿಂತವು.

"ಕಾಣ್ತೈತಾ?" ಎಂದರು ಭಾವ.

"ಕಾಣ್ತೈತ್ರಿ. ಒಂದು ಕಡಿಯಿಂದ ಇನ್ನೊಂದು ಕಡಿಗೆ, ಪೂರಾ."

"ಹಾಲಪ್ಪನೂ ಹಂಗೇ ಅಂದಿದ್ದ," ಎಂದು ಅವರು ಕಾರಿನ ಬಾಗಿಲು ತಡಕಿದರು. "ಗಾಡಿ ಹತ್ತು. ಸೆಕೆಂಡ್‌ಗೆ ಹಾಕ್ಕೊಂಡೇ ಬಿಡು."

ಇಳಿಜಾರು

ದಾಮನ್ ಮೇಲಿನ ಕಣಿವೆ ಬಾಯಿ ದಾಟಿದರೆ ಹೆಟೌಡಾದವರೆಗೂ ಇಳಿತವೇ. ಸೆಕೆಂಡಿನಲ್ಲಿ ಇಳಿದೆ. ತೀರಾ ಕಡಿದಾದ ತಿರುವಿಗೆ ಮುಂಚೆ ಫಸ್ಟಿಗೂ ತಂದೆ, ಕೆಮ್ಮಿ. ಕಾಲು ಬ್ರೇಕಿಗೆ ಹೋಗಲು ಹಾತೊರೆಯುತ್ತಿತ್ತು. ಮುಟ್ಟಿ ಬಿಟ್ಟೆ, ಒತ್ತಿಕೊಂಡು ಕೂರಲಿಲ್ಲ. ಹಿಂದೆ ಬಂದ ಬಸ್ಸುಗಳು ಹಾರ್ನು ಹೊಡೆದು ಮುಂದೆ ಹೋದವು. ಇಂಜಿನ್ನು ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಒಂದು ಗಂಟೆ ಹಾಗೆಯೇ ಕಳೆಯಿತು.

"ನಿಲ್ಸು," ಎಂದರು ಭಾವ.

ನಿಲ್ಲಿಸಿ ಇಂಜಿನ್ನು ಬಂದ್ ಮಾಡಿದೆ. ಆಗ ನನಗೂ ಕೇಳಿತು, ನೀರು. ಹತ್ತುವಾಗ ನಾವು ದಾಟಿಹೋಗಿದ್ದ ಜಾಗ. ಕಲ್ಲಿನ ದೋಣಿ ಇರಲಿಲ್ಲ, ಪ್ಲಾಸ್ಟಿಕ್ ಪೈಪಿನಿಂದ ನೀರು ಬೀಳುತ್ತಿತ್ತು. ಮುಂದೆ ಎಡಕ್ಕೆ ತಿರುವು. ತಿರುವಿನಲ್ಲಿ ಒಡೆದ ಬಂಡೆಯ ಬುಡ, ಅದರ ಮೇಲೆ ಪಾಚಿ.

ಭಾವ ಇಳಿದು ನನ್ನ ತೋಳು ಹಿಡಿದು ನಡೆದರು. ಬಂಡೆಯನ್ನು ಎರಡೂ ಕೈಯಿಂದ ತಡವಿದರು. ಆಮೇಲೆ ಅದರ ಬುಡದಲ್ಲೇ ಕೂತರು. ನಾನು ಡಬ್ಬಿಯ ಚಟ್ನಿಪುಡಿಯನ್ನು ಕಾಗದಕ್ಕೆ ಸುರಿದು, ಡಬ್ಬಿಯನ್ನು ಪೈಪಿನ ಕೆಳಗೆ ತೊಳೆದು, ಅಂಗಿಯಿಂದ ಒರೆಸಿ ತಂದೆ. ಅವರು ತೆಗೆದುಕೊಳ್ಳಲಿಲ್ಲ.

"ಬ್ರೇಕ್ ಫೇಲ್ ಆತು ಅಂತ ಗೌರವ್ವಗೆ ಹೇಳೇನಿ," ಎಂದರು. "ಸುಳ್ಳಲ್ಲ. ಪೂರಾ ಖರೇನೂ ಅಲ್ಲ."

ನಾನು ಪಕ್ಕದಲ್ಲಿ ಕೂತೆ.

"ಖಾಲಿ ಗಾಡಿ. ಡೀಸೆಲ್ ಕಮ್ಮಿ ಇತ್ತು. ಹೆಟೌಡಾ ಮುಟ್ಟೋವರ್ಗೂ ಪಂಪ್ ಇರ್ಲಿಲ್ಲ. ದಾಮನ್‌ನಾಗ ಸ್ಟೇರಿಂಗ್ ಅವನ ಕೈಗೆ ಕೊಟ್ಟೆ. ಅವನು ಕೇಳ್ದ, ಅಣ್ಣಾ, ಹೆಂಗ್ ಇಳಿಸ್ಲಿ ಅಂತ. ನ್ಯೂಟ್ರಲ್ ಹಾಕು, ಇಳಿಜಾರೇ ಐತೆ, ತಾನೇ ಹೋಗ್ತೈತೆ ಅಂದೆ." ಅಂಗೈಯನ್ನು ಮತ್ತೆ ಬಂಡೆಯ ಮೇಲಿಟ್ಟರು. "ಅಂದು, ಮಲಗಿದೆ. ಹೇಳಿ ಮಲಗಿಬಿಟ್ಟೆ ಶೇಖರ."

ಹನ್ನೆರಡು ವರ್ಷ ನಾನು ಮಾಡಿದ್ದೂ ಅದನ್ನೇ. ನನಗೆ ಸಿಕ್ಕಿದ್ದು ಸಪಾಟು ನೆಲ, ಅಷ್ಟೇ.

ಕೊನೆಗೆ ಕೇಳಿದೆ, "ಮಣ್ಣು ಕೊಡುವಾಗ ಹೇಳ್ತೀರಾ?"

"ಹೇಳ್ದೆ ಹೆಂಗ್ ಕೊಡ್ಲಿ?" ಎಂದರು. "ಕೇಳಿದ ಮ್ಯಾಲೆ ನನ್ನ ಕೈಯಿಂದ ತಗೊಳ್ಳಾಕಿಲ್ಲ ಅಂದ್ರೆ ಏನ್ ಮಾಡ್ಲಿ, ಅದೂ ಗೊತ್ತಿಲ್ಲ."

ಡಬ್ಬಿಯಲ್ಲಿದ್ದ ಚಟ್ನಿಪುಡಿಯ ಚಮಚದಿಂದ ಮಣ್ಣು ಕೆದಕಿ ಡಬ್ಬಿಗೆ ತುಂಬಿದರು. ಆಗ ಒಂದು ಟಿಪ್ಪರ್ ಇಳಿದು ಬಂದು ನಿಂತಿತು. ಗಾಡಿ ಕೆಟ್ಟಿತೇ ಎಂದು ಡ್ರೈವರು ಕೇಳಿದ. ಇಲ್ಲ, ಇವರ ಜೊತೆಗಾರ ಇಲ್ಲಿ ಹೋದ, ಬಹಳ ಹಿಂದೆ, ಅವನೂ ಡ್ರೈವರು ಎಂದು ನನ್ನ ಅಂಗಡಿ ಹಿಂದಿಯಲ್ಲಿ ಹೇಳಿದೆ. ಅವನು ಮುಂದಿನ ಗಾಜಿಗೆ ಕಟ್ಟಿದ್ದ ಹಾರದಿಂದ ಒಂದು ಚೆಂಡುಹೂ ಕಿತ್ತು ಕಿಟಕಿಯಿಂದ ಚಾಚಿದ. ಹೋಗುವಾಗ ಅವನ ಇಂಜಿನ್ನಿನ ಸಪ್ಪಳ ಕೇಳುತ್ತ ಭಾವ ತಲೆಯಾಡಿಸಿದರು. "ಗೇರ್‌ನಾಗ ಇಳಿಸ್ತಾನೆ," ಎಂದರು.

ಪಶುಪತಿನಾಥನ ಕಡೆಗೆ ನಾವು ಹೋಗಲೇ ಇಲ್ಲ. ಪ್ರಸಾದ ಎಲ್ಲಿ ಎಂದು ಈಗಲೂ ಕೇಳುವ ನೆಂಟರು ಇದನ್ನು ಓದಿ ಕ್ಷಮಿಸಬೇಕು.

ಗಡಿಯಲ್ಲಿ ಡಬ್ಬಿ ತೆಗೆಸಿದರು. ಆ ಒಂದು ಗಳಿಗೆಯಲ್ಲಿ ನಾನು ಜೈಲು, ವಕೀಲರು, ಮಗಳ ಮದುವೆ ಎಲ್ಲವನ್ನೂ ಕಂಡೆ. ಅಧಿಕಾರಿ ಮಣ್ಣಿನ ಮೇಲಿನ ಬಾಡಿದ ಹೂವನ್ನೂ ಭಾವನ ಮುಖವನ್ನೂ ನೋಡಿದರು. ಮುಚ್ಚಳವನ್ನು ತಾವೇ ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಸಾರಥಿ

ಮನೆಗೂ ಹೋಗದೆ ನೇರವಾಗಿ ಸಾರಥಿಗೆ ಹೋದೆವು. ಗೌರಮ್ಮ ಹೊಲದಲ್ಲೇ ಕಾಯುತ್ತಿದ್ದರು. ಖಾಲಿ ಜಾಗದ ನಡುವೆ ಒಂದು ಮೊಳದ ಗುಂಡಿ, ಪಕ್ಕದಲ್ಲಿ ವಿಭೂತಿ, ಬಿಲ್ವಪತ್ರೆ, ತಂಬಿಗೆಯಲ್ಲಿ ನೀರು.

ಭಾವ ಡಬ್ಬಿಯನ್ನು ಎದೆಗೆ ಒತ್ತಿಕೊಂಡೇ ನಿಂತು ಹೇಳಿದರು. ಬಂಡೆಯ ಬುಡದಲ್ಲಿ ನನಗೆ ಹೇಳಿದ್ದೇ ಮಾತು; ಒಂದನ್ನೂ ಬಿಡಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಗೌರಮ್ಮ ಬಗ್ಗಿ ತಂಬಿಗೆಯನ್ನು ಗುಂಡಿಯ ಅಂಚಿನಿಂದ ಆಚೆ ಸರಿಸಿದರು.

"ಮೊದ್ಲೇ ಹೇಳ್ಬೇಕಿತ್ತು ನೀವು," ಎಂದರು.

"ಹೌದವ್ವ."

"ಅಲ್ಲಿ ಕಾಲುವೆ ಏರಿ ಐತಲ್ಲ," ಎಂದು ಆಕೆ ಕೈ ತೋರಿಸಿದರು. ಭಾವನಿಗೆ ಕಾಣದೆಂದು ನೆನಪಾಗಿ ಕೈ ಇಳಿಸಿದರು. "ಲಗ್ನ ಆದ ಹೊಸದ್ರಾಗ ಅವರು ನನ್ನ ಸೈಕಲ್ ಹಿಂದೆ ಕೂರಿಸ್ಕೊಂಡು ಆ ಏರಿ ಇಳಿಯೋರು. ಪೆಡ್ಲು ಬಿಟ್ಟು, ಎರಡೂ ಕಾಲು ಅಗಲ ಮಾಡಿ, ಬ್ರೇಕ್ ಮುಟ್ಟಂಗಿಲ್ಲ. ನಾನು ಒದರೋಳು. ಒದರಿದಷ್ಟೂ ನಗೋರು. ಆಗ ನೀವು ಯಾರು ಅಂತ ನಮಗಿನ್ನೂ ಗೊತ್ತಿರ್ಲಿಲ್ಲ ಅಣ್ಣ." ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಹೇಳಿದ್ದು ತಪ್ಪೇ. ಆದ್ರೆ ನೀವು ಹೇಳದಿದ್ರೆ ಅವರು ಗೇರ್ ಹಾಕಿ ಇಳೀತಿದ್ರು ಅನ್ನಾಕೆ ನನ್ನ ಕೈಲಿ ಆಗಲ್ಲ. ಕೊಡ್ರಿ ಇತ್ತ."

ಎರಡೂ ಕೈ ಚಾಚಿ ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆಗೆದು ಮುಖದ ಹತ್ತಿರ ಹಿಡಿದವರು ಹಾಗೇ ನಿಂತರು.

"ಶೇಂಗಾ ಚಟ್ನಿ ವಾಸನಿ ಐತಲ್ರಿ."

"ತೊಳೆದಿದ್ದೆ ಅಮ್ಮ, ಎರಡು ಸಲ…" ಎಂದೆ ನಾನು, ಭೂಮಿ ಬಿರಿಯಬಾರದೇ ಎನ್ನಿಸುತ್ತ.

"ಇರ್ಲಿ ಬಿಡ್ರಿ. ಅವರಿಗೆ ಸೇರ್ತಿತ್ತು."

ಮಣ್ಣಿಗೆ ಮಣ್ಣು ಸೇರಿಸಿ, ನೀರು ಬಿಟ್ಟು, ವಿಭೂತಿ ಇಟ್ಟರು. ಭಾವನೂ ಒಂದು ಹಿಡಿ ಹಾಕಿದರು. ಆಮೇಲೆ ಗೌರಮ್ಮ ರೊಟ್ಟಿ, ಪಲ್ಯ ಬಡಿಸಿದರು. ಭಾವ ಉಂಡರು. ನಾನೂ ಉಂಡೆ.

ಗುತ್ತೂರು

ಸಾರಥಿಯಿಂದ ಹರಿಹರಕ್ಕೆ ಹೊರಟಾಗ ಇನ್ನೂ ಬಿಸಿಲಿತ್ತು. ಸಪಾಟು ರಸ್ತೆ, ನಾಲ್ಕನೇ ಗೇರು. ನೋಟ್‌ಬುಕ್ಕಿನಲ್ಲಿ ಬರೆದದ್ದರಲ್ಲಿ ಒಂದೂ ಆಗಿರಲಿಲ್ಲ, ಹಾವೂ ಸೇರಿದಂತೆ. ಅದನ್ನು ಹೇಳಬೇಕೆಂದು "ಭಾವ" ಎಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದೆ. ಡ್ಯಾಶ್‌ಬೋರ್ಡಿನ ಮೇಲೆ ಕೈ ಇರಲಿಲ್ಲ. ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ತಲೆ ಕಿಟಕಿಗೆ ವಾಲಿತ್ತು. ಬಾಯಿ ಚೂರು ತೆರೆದಿತ್ತು.

ನನ್ನ ಜೀವ ಹಾರಿಹೋಯಿತು. ಅಕ್ಕನಿಗೆ ಏನು ಹೇಳಲಿ ಎಂಬಲ್ಲಿಯವರೆಗೂ ಯೋಚನೆ ಮುಟ್ಟಿತು. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯನ್ನು ಅವರ ಮೂಗಿನ ಹತ್ತಿರ ಒಯ್ದೆ. ಬಿಸಿಯುಸಿರು ಬೆರಳಿಗೆ ತಾಗಿತು. ಅದರ ಹಿಂದೆಯೇ ಒಂದು ಸಣ್ಣ ಗೊರಕೆ.

ಅಷ್ಟರಲ್ಲಿ ಗುತ್ತೂರಿನ ಫ್ಯಾಕ್ಟರಿಯ ಮುಂದಿನ ರೋಡ್ ಹಂಪ್ ಬಂತು. ಬ್ರೇಕು ಒತ್ತಿದೆ. ಗೇರು ಇಳಿಸಬೇಕಾದ ಕೈ ಅವರ ಮೂಗಿನ ಕೆಳಗೇ ಇತ್ತು. ಗಾಡಿ ನಾಲ್ಕನೇ ಗೇರಿನಲ್ಲೇ ಹಂಪ್ ಹತ್ತಿ, ನಾಲ್ಕು ಸಲ ಗಡಗಡ ನಡುಗಿ, ನೆತ್ತಿಯ ಮೇಲೆ ಬಂದ್ ಬಿತ್ತು.

ಭಾವ ಕಣ್ಣು ತೆರೆದರು. "ಎಲ್ಲಿ ಅದೀವಿ?"

"ಗುತ್ತೂರು, ಭಾವ. ಹಂಪ್ ಮ್ಯಾಲೆ."

"ಯಾವ ಗೇರ್‌ನಾಗ ಇತ್ತು?"

"ನಾಲ್ಕು."

ಹಿಂದೆ ಲಾರಿಗಳು ಒಂದೇ ಸಮ ಹಾರ್ನು ಹೊಡೆಯುತ್ತಿದ್ದವು. ಭಾವ ಸೀಟಿನಲ್ಲಿ ಸ್ವಲ್ಪ ಕೆಳಗೆ ಸರಿದರು.

"ಸೆಕೆಂಡ್‌ಗೆ ತರ್ಬೇಕಿತ್ತು," ಎಂದು ಮತ್ತೆ ಕಣ್ಣು ಮುಚ್ಚಿದರು.